ತನಿ ಆವರ್ತನ ಅಂದ್ರೆ ಚಾ ವಿರಾಮವೇ?

ಈ ವರ್ಷ ಕುಂಬಳೆಯಿಂದ ಬದಿಯಡ್ಕದವರೆಗೆ ಕೇಳಿದ ಸಂಗೀತ ಕಛೇರಿಗಳಲ್ಲೆಲ್ಲ ಇದೇ ಕಥೆ ಮಾರಾಯ್ರೆ. ಗಾಯಕರು ಹಾಡು ನಿಲ್ಲಿಸಿ ತನಿಗೆ (ಮೃದಂಗ, ಘಟದಂಥ ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಬಿಟ್ಟುಕೊಟ್ಟದ್ದೇ ತಡ, ಕುರ್ಚಿ ಕರಕರ ಎಳೆದು ಅರ್ಧ ಸಭೆ ಚಾಕ್ಕೆ ಹೊರಟಿತು. ಅಷ್ಟು ಹೊತ್ತು ಹಾಡಿಗೆ, ಪಿಟೀಲಿಗೆ ನೆರಳಾಗಿ ನುಡಿಸಿದ ಮೃದಂಗದವರಿಗೆ ತಮ್ಮದೆಂದು ಸಿಗುವುದೇ ಆ 10-15 ನಿಮಿಷ! ಮೃದಂಗ, ಘಟಗಳ ಸವಾಲು-ಜವಾಬು ಎರಡು ಆವರ್ತ (ತಾಳದ ಸುತ್ತು), ಒಂದು, ಅರ್ಧ ಅಂತ ಕಿರಿದಾಗುತ್ತ ಬರುವಾಗ ನನ್ನ ಕಣ್ಣೆದುರು ಯಾರದೋ ಬೆನ್ನು. ಒಂದು ಕಡೆಯಂತೂ ಸರಿಯಾಗಿ, ತನಿ ಮುಗಿಯಲು ಬಂತೆಂದು ಸೂಚಿಸುವ ಮೋರಾದ ಹೊತ್ತಿಗೇ ಮೈಕಿನಲ್ಲಿ, "ಊಟಕ್ಕೆ ಎಲೆ ಹಾಕಿದೆ". ಇದೇ ಜನ ಯಕ್ಷಗಾನ ಆಟಕ್ಕೆ ಹೋದರೆ ಚೆಂಡೆ ಪೆಟ್ಟಿಗೆ ಕೂತಲ್ಲಿಂದ ಅಲ್ಲಾಡುವುದಿಲ್ಲ (ಅಲ್ಲಿ ಚಾ ಬೇಡವೋ?). ತನಿಯ ಮುಕ್ತಾಯವಾದ ಕೋರ್ವೆ ಮುಗಿದು ಗಾಯಕರು ಮತ್ತೆ ಪಲ್ಲವಿ ಎತ್ತಿಕೊಂಡಾಗ ಬಾಯೊರೆಸುತ್ತ ಒಳಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರೂ ಇವರೇ!