ಬಿ.ಎಡ್. ಇಂಟರ್ನ್‌ಶಿಪ್‌ನ 16 ವಾರಗಳು ಮಲೆನಾಡಿನ ಸಣ್ಣ ಶಾಲೆಗಳಿಗೂ ಸಲ್ಲಲಿ

ಎರಡನೇ ವರ್ಷದ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಶಾಲೆಗಳನ್ನು ಹಂಚುವ ಸಮಯ ಬಂದಾಗಲೆಲ್ಲ ನನಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಶಿವಮೊಗ್ಗ ನಗರ ಮತ್ತು ತಾಲ್ಲೂಕು ಕೇಂದ್ರಗಳ ಶಾಲೆಗಳಲ್ಲಿ ಒಂದೇ ತರಗತಿಯ ಒಂದು ಅವಧಿಗಾಗಿ ನಾಲ್ಕಾರು ಪ್ರಶಿಕ್ಷಣಾರ್ಥಿಗಳು ಸರದಿ ಕಾಯುವುದನ್ನು ಕಂಡಿದ್ದೇನೆ. ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಭಾಗದ ಶಾಲೆಗಳತ್ತ ಮಾತ್ರ ಅವರಲ್ಲಿ ಬರುವವರು ತೀರಾ ವಿರಳ. ನಾಳೆ ಇವರಲ್ಲಿ ಅನೇಕರಿಗೆ ನೇಮಕಾತಿಯಾಗುವುದು ಇಂಥ ಶಾಲೆಗಳಿಗೇ ಆಗಿರುವಾಗ, ತರಬೇತಿಯ ಕಾಲದಲ್ಲಿ ಅವುಗಳ ಹೊಸ್ತಿಲನ್ನೂ ತುಳಿಯದೆ ಪದವಿ ಪಡೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ, ಅಲ್ಲಿಯವರೆಗೆ ಒಂದು ವರ್ಷದ್ದಾಗಿದ್ದ ಬಿ.ಎಡ್. 2015-16ರಿಂದ ಎರಡು ವರ್ಷದ್ದಾಯಿತು. ಅವಧಿ ಹೆಚ್ಚಿದ್ದಕ್ಕೆ ಇದ್ದ ಮುಖ್ಯ ಸಮರ್ಥನೆಗಳಲ್ಲೊಂದು ಶಾಲಾ ಅನುಭವ, ಅಂದರೆ ಇಂಟರ್ನ್‌ಶಿಪ್. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಹೀಗೆ ಒಟ್ಟು 20 ವಾರಗಳನ್ನು ಪ್ರಶಿಕ್ಷಣಾರ್ಥಿ ಶಾಲೆಯೊಂದಿಗೆ ಕಳೆಯಬೇಕು. ಉಳಿದ ಪಾಠಗಳಿಗೆ ಶೇ 80ರಷ್ಟು ಹಾಜರಾತಿ ಸಾಕೆಂದ ನಿಯಮ ಇಂಟರ್ನ್‌ಶಿಪ್‌ಗೆ ಶೇ 90 ಬೇಕೆನ್ನುತ್ತದೆ. ನಿಯಮ ರೂಪಿಸಿದವರು ಈ ವಾರಗಳಿಗೆ ಎಷ್ಟು ತೂಕ ಕೊಟ್ಟಿದ್ದರೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನಮ್ಮ ಶಾಲೆಗೆ ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಶಿಕ್ಷಣಾರ್ಥಿ ಬಂದಿದ್ದರು. ಅವರ ತವರು ಹತ್ತಿರದಲ್ಲೇ ಇದ್ದುದರಿಂದ ತಾವೇ ಕೇಳಿಕೊಂಡು ಬಂದವರು. ಆರು ಮತ್ತು ಏಳನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುವ ಶಾಲೆ ನಮ್ಮದು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರು ಏಳನೆಯವರಿಗೆ ಸಸ್ಯಗಳ ಪೋಷಣೆಯ ಪಾಠ ಆರಂಭಿಸಿದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟ್ ಚೆನ್ನಾಗಿತ್ತು, ಕೇಳಬೇಕಾದ ಪ್ರಶ್ನೆಗಳೆಲ್ಲ ಕ್ರಮವಾಗಿ ಬರೆದಿಟ್ಟಿದ್ದವು. ಅಷ್ಟರಲ್ಲಿ ಮಳೆ ಜೋರಾಯಿತು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯತೊಡಗಿದರೆ ಪಕ್ಕದವರ ಮಾತೂ ಕೇಳಿಸದೆಂಬುದು ಮಲೆನಾಡಿನವರಿಗೆಲ್ಲ ಗೊತ್ತು. ಆಕೆ ಕೂಗಲು ಹೋಗಲಿಲ್ಲ. ಪ್ರಶ್ನೆಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆದು, ಮಕ್ಕಳು ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯುತ್ತಿದ್ದಂತೆ ಸಾಲುಗಳ ನಡುವೆ ಓಡಾಡುತ್ತ ಓದಿದರು. ಹಸಿರು ಎಲೆಯೇ ಇಲ್ಲದ ಅಣಬೆ ಏನು ತಿಂದು ಬದುಕುತ್ತದೆ ಎಂಬ ಪ್ರಶ್ನೆಗೆ, ಎದ್ದು ನಿಂತು ಉತ್ತರ ಹೇಳಲು ಸದಾ ಹಿಂಜರಿಯುತ್ತಿದ್ದ ಹುಡುಗನೊಬ್ಬ, ತಾನು ಅಣಬೆ ಕಿತ್ತದ್ದು ಹುತ್ತದ ಮೇಲೆ ಮತ್ತು ಕೊಳೆತ ಮರದ ಬುಡದಲ್ಲಿ, ಆದ್ದರಿಂದ ಅದು ಕೊಳೆತದ್ದನ್ನು ತಿನ್ನುತ್ತಿರಬೇಕು ಎಂದು ಬರೆದಿದ್ದ. ಆಕೆ ಆ ಉತ್ತರವನ್ನು ಅವನ ಕೈಯಿಂದಲೇ ಹಲಗೆಯ ಮೇಲೆ ಬರೆಸಿದರು. ಆರನೆಯವರೂ ತಮ್ಮ ಲೆಕ್ಕ ಬಿಟ್ಟು ಎಲ್ಲೆಲ್ಲಿ ಯಾವ ಯಾವ ಅಣಬೆ ಏಳುತ್ತದೆಂದು ಬರೆದು ತೋರಿಸತೊಡಗಿದರು. ಕೊಳೆತಿನಿಗಳ ಪಾಠ ಅಲ್ಲಿಂದಲೇ ಮುಂದುವರಿಯಿತು.

ಇದನ್ನು ನಾನು ಬಹಳ ದೊಡ್ಡ ಕಲಿಕೆ ಎಂದು ಭಾವಿಸುತ್ತೇನೆ. ಕಾಲೇಜಿನಲ್ಲಿ ನಡೆಯುವ ಸೂಕ್ಷ್ಮ ಬೋಧನೆಯ ಬೆಲೆ ನನಗೆ ಗೊತ್ತು. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿಕೊಂಡು ಐದಾರು ನಿಮಿಷ ಒಂದೊಂದೇ ಕೌಶಲವನ್ನು ಅಭ್ಯಾಸ ಮಾಡಿ, ತಿದ್ದಿಸಿಕೊಂಡು, ಮತ್ತೆ ಪಾಠ ಮಾಡುವ ಆ ಕ್ರಮ ಹೊಸಬರ ಅಂಜಿಕೆಯನ್ನು ಕಳೆಯುತ್ತದೆ. ಆದರೆ ಎರಡು ತರಗತಿಗಳನ್ನು ಒಟ್ಟಿಗೆ ನಡೆಸುವುದು, ಅಡಿಕೆ ಕೊಯ್ಲಿನ ದಿನಗಳಲ್ಲಿ ಬಿಟ್ಟುಬಿಟ್ಟು ಬರುವ ಮಗುವಿಗೆ ತಪ್ಪಿಹೋದ ಪಾಠವನ್ನು ಜೋಡಿಸಿಕೊಡುವುದು, ಮನೆಯಲ್ಲಿ ಉರ್ದು, ಕೊಂಕಣಿ ಅಥವಾ ಲಂಬಾಣಿ ಆಡುವ ಮಗುವಿಗೆ ಪಠ್ಯದ ಕನ್ನಡವನ್ನು ಹತ್ತಿರ ತರುವುದು, ಇವೆಲ್ಲ ಶಾಲೆಯಲ್ಲಿ ನಿಂತೇ ಬರಬೇಕಾದವು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇಡೀ ರಾಜ್ಯದ ಕಿರಿಯ ತರಗತಿಗಳಿಗೆ ಬಹುವರ್ಗ ಬೋಧನೆಯ, ಅಂದರೆ ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವ, ಒಂದು ದಾರಿ ತೋರಿಸಿದೆ. ಆರು, ಏಳನೆಯ ತರಗತಿಗಳಿಗೆ ಹೋಗುವ ಬಿ.ಎಡ್. ಪದವೀಧರರಿಗೆ ಅಂಥ ಸಿದ್ಧತೆ ಸಾಕಷ್ಟು ಸಿಗುತ್ತಿಲ್ಲ.

ಅಂದು ಆ ಪಾಠವನ್ನು ನೋಡಿದವಳು ನಾನೊಬ್ಬಳೇ. ಕಾಲೇಜಿನ ಮೇಲ್ವಿಚಾರಕರು ಬಂದದ್ದು ಬೇರೊಂದು ದಿನ, ಅಂಕ ಬಿದ್ದದ್ದು ಆ ದಿನದ ಪಾಠಕ್ಕೆ. ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಧ್ವನಿ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ ಎಲ್ಲಕ್ಕೂ ಕಾಲಂ ಇತ್ತು. ಒದಗಿಬಂದ ಸಂದರ್ಭಕ್ಕೆ ತಕ್ಕಂತೆ ಪಾಠವನ್ನು ಬದಲಿಸಿಕೊಂಡದ್ದನ್ನು ದಾಖಲಿಸಲು ಜಾಗವಿರಲಿಲ್ಲ. ರೆಕಾರ್ಡ್ ಪುಸ್ತಕಗಳ ಅಂದಕ್ಕೆ ರಾತ್ರಿಯಿಡೀ ಕಷ್ಟಪಡುವ ಈ ಯುವಕ ಯುವತಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಶ್ರಮದ ಅರ್ಧವಾದರೂ ಮಕ್ಕಳ ನೋಟ್‌ಬುಕ್ ಓದುವುದಕ್ಕೆ ಹೋಗಬೇಕು.

ಪದವಿಯ ಬಳಿಕ ಬರುವ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಈ ಕೊರತೆಯನ್ನು ತುಂಬಲಾರದು. 150 ನಿಮಿಷಗಳಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು ವಿಷಯಜ್ಞಾನವನ್ನೂ ಮನೋವಿಜ್ಞಾನದ ಓದನ್ನೂ ಅಳೆಯಬಲ್ಲವು, ಅದು ಅಗತ್ಯವೂ ಹೌದು. ತರಗತಿಯಲ್ಲಿ ನಿಲ್ಲುವ ಶಕ್ತಿಯನ್ನು ನೋಡುವ ಅವಕಾಶ ಇರುವುದು ಇಂಟರ್ನ್‌ಶಿಪ್‌ನಲ್ಲಿ ಮಾತ್ರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಂಯೋಜಿತ ಕೋರ್ಸನ್ನು ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸಬೇಕೆನ್ನುತ್ತದೆ. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇರುವವರಿಗೆ ಒಂದು ವರ್ಷದ ಬಿ.ಎಡ್.ಗೂ ಅವಕಾಶ ಕೊಡುತ್ತದೆ. ಅವಧಿ ಮತ್ತೆ ಕಿರಿದಾದಾಗ ಮೊದಲು ಕತ್ತರಿ ಬೀಳುವುದು ಶಾಲೆಯ ವಾರಗಳಿಗೇ ಎಂಬ ಭಯ ನನ್ನದು.

ನಮ್ಮ ಜಿಲ್ಲೆಯ ಕಾಲೇಜುಗಳಿಗೆ ನನ್ನ ಕೋರಿಕೆ ಇಷ್ಟು. 16 ವಾರಗಳಲ್ಲಿ ನಾಲ್ಕು ವಾರಗಳನ್ನಾದರೂ ಬಹುವರ್ಗ ಬೋಧನೆ ನಡೆಯುವ ಸಣ್ಣ ಶಾಲೆಗೆ ಮೀಸಲಿಡಿ. ಒಬ್ಬರನ್ನೇ ಕಳಿಸಬೇಡಿ, ಇಬ್ಬರನ್ನು ಜೊತೆಯಾಗಿ ಕಳಿಸಿ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಓಡುವ ಊರುಗಳಿವು. ಮಳೆಗಾಲದಲ್ಲಿ ಅದೂ ನಂಬಿಕೆಯದಲ್ಲ. ಆದ್ದರಿಂದ ಉಳಿಯುವ ವ್ಯವಸ್ಥೆಯ ಬಗ್ಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೊಂದಿಗೆ (ಎಸ್‌ಡಿಎಂಸಿ) ಮೊದಲೇ ಮಾತಾಡಿ, ಊರಿನವರು ಖಂಡಿತ ಕೈಬಿಡುವುದಿಲ್ಲ. ದಿನವೂ ಪಾಠ ನೋಡುವ ಮಾರ್ಗದರ್ಶಿ ಶಿಕ್ಷಕರ ಅಭಿಪ್ರಾಯಕ್ಕೆ ಅಂಕಪಟ್ಟಿಯಲ್ಲಿ ಅರ್ಥಪೂರ್ಣ ಪಾಲು ಕೊಡಿ. ಬರುವ ಜೂನ್‌ನಲ್ಲಿ, ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಸೇತುಬಂಧ ಆರಂಭವಾಗುವ ಮೊದಲು ಯಾವುದಾದರೂ ಕಾಲೇಜು ಇದಕ್ಕೆ ಒಪ್ಪಿದರೆ, ನಮ್ಮ ಶಾಲೆಯಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳ ಜವಾಬ್ದಾರಿ ಹೊರಲು ನಾನು ಸಿದ್ಧಳಿದ್ದೇನೆ.