ದೋಸೆಯಂತೆ ಮಗುಚಿದ ರೂಪಾಯಿ

ಕಳೆದ ಆಷಾಢದ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ನಡುವಿನ ಮೂರು ಗಂಟೆಗಳ ಕಾಲ ನಾನು ಲಕ್ಷಾಧೀಶನಾಗಿದ್ದೆ. ಈ ಐಶ್ವರ್ಯಕ್ಕೆ ಮೂಲ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ವರ್ಷಗಳಿಂದ ಕುಳಿತಿದ್ದ ಚಿಲ್ಲರೆಯ ಡಬ್ಬಿ. ಟಂಕಸಾಲೆಯಲ್ಲಿ ಅಚ್ಚು ತಿರುಗಿ ತಪ್ಪಾಗಿ ಮುದ್ರಿತವಾದ ನಾಣ್ಯಕ್ಕೆ ಸಂಗ್ರಾಹಕರು ಮುಖಬೆಲೆಯ ಹಲವು ಪಟ್ಟು ಕೊಡುತ್ತಾರೆಂದೂ, ಒಂದು ಮುಖಕ್ಕೆ ಇನ್ನೊಂದು ಮುಖ ಸರಿಯಾಗಿ 180 ಡಿಗ್ರಿ ತಲೆಕೆಳಗಾಗಿದ್ದರಂತೂ ಅದರ ಗತ್ತೇ ಬೇರೆಯೆಂದೂ ಕಚೇರಿಯ ಗೆಳೆಯರೊಬ್ಬರು ಹೇಳಿದ್ದರು.

ದೋಷ ಹುಟ್ಟುವ ಬಗೆ ಸರಳವಾದದ್ದು. ಲೋಹದ ಬಿಲ್ಲೆ ಎರಡು ಅಚ್ಚುಗಳ ನಡುವೆ ಸಿಕ್ಕಿ, ಒಂದೇ ಏಟಿಗೆ ಎರಡೂ ಮುಖಗಳನ್ನು ಪಡೆಯುತ್ತದೆ. ಅಚ್ಚನ್ನು ಕೂರಿಸುವಾಗಲೇ ಓರೆಯಾದರೆ, ಅಥವಾ ಅದನ್ನು ಬಿಗಿಹಿಡಿದ ತಿರುಪು ಸಡಿಲವಾಗಿ ಅಚ್ಚು ಏಟೇಟಿಗೂ ಇಷ್ಟಿಷ್ಟೇ ಸರಿಯತೊಡಗಿದರೆ, ಒಂದು ಮುಖದ ಚಿತ್ರ ಇನ್ನೊಂದಕ್ಕಿಂತ ವಾಲಿಕೊಳ್ಳುತ್ತದೆ. ನಿಮಿಷಕ್ಕೆ ನೂರಾರು ನಾಣ್ಯ ಉದುರಿಸುವ ಯಂತ್ರವಾದ್ದರಿಂದ, ಯಾರಾದರೂ ಗಮನಿಸುವಷ್ಟರಲ್ಲಿ ಹಲವು ಕೋನಗಳ ನಾಣ್ಯಗಳು ಸಂತೆಗೆ ಹೊರಟಿರಬಹುದು.

ನಾನು 1992ರಿಂದ 2004ರವರೆಗೆ ಬಂದ ಸ್ಟೀಲಿನ ಒಂದು ರೂಪಾಯಿಗಳನ್ನು ಬೇರ್ಪಡಿಸಿ, ಮೊದಲನೆಯದನ್ನು ಅಂಗೈಯಲ್ಲಿಟ್ಟುಕೊಂಡೆ. ಸಿಂಹಗಳು ನೆಟ್ಟಗೆ ನಿಂತಿದ್ದವು. ಕೆಳಗೆ ‘ಸತ್ಯಮೇವ ಜಯತೇ’. ನನ್ನ ಹೊಟ್ಟೆಯ ಕಡೆಗಿದ್ದ ಅಂಚನ್ನು ಎತ್ತಿ, ದೋಸೆ ಮಗುಚಿದಂತೆ ನಾಣ್ಯವನ್ನು ಆಚೆಗೆ ಮಗುಚಿದೆ. ಒಂದರ ಅಂಕಿ ಶೀರ್ಷಾಸನ ಹಾಕಿತ್ತು; ಅದರ ಎರಡೂ ಪಕ್ಕದ ತೆನೆಗಳು ಬಾವಲಿಗಳಂತೆ ಜೋತುಬಿದ್ದಿದ್ದವು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಕಾಫಿಯ ಹೊತ್ತಿಗೆ 214 ನಾಣ್ಯ, 214 ದೋಷ. ಅಪರೂಪವೆಂದು ಹೆಸರಾದ ತಪ್ಪು ಒಂದೇ ಡಬ್ಬಿಯಲ್ಲಿ 214 ಬಾರಿ ಕಾಣಿಸಿಕೊಂಡಾಗ ಅನುಮಾನ ಬರಬೇಕಾದದ್ದು ನನ್ನ ಮೇಲೆ. ನನಗೆ ಬಂದದ್ದು ಟಂಕಸಾಲೆಯ ಮೇಲೆ.

“ಅಷ್ಟೂ ತಪ್ಪಾಗಿದ್ದರೆ ಅದೇ ಸರಿ ಅಲ್ಲವೇನ್ರೀ?” ಎಂದು ಕಾಫಿ ಲೋಟ ಇಡುತ್ತ ಮಡದಿ ಕೇಳಿದಳು. ಲಕ್ಷಾಧೀಶರು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಒಂದೊಂದು ನಾಣ್ಯ 4.85 ಗ್ರಾಂ, ಕೈಚೀಲದ ತೂಕ ಒಂದು ಕಿಲೋ ದಾಟಿತ್ತು. ಮರುದಿನ ಆಟೋ ಹಿಡಿದು, ಹಳೆಯ ನಾಣ್ಯ ಮಾರುವ ಒಬ್ಬರ ಅಂಗಡಿಯಲ್ಲಿ ಅದನ್ನು ಗಾಜಿನ ಮೇಜಿನ ಮೇಲಿಟ್ಟು, ಒಂದನ್ನು ತೆಗೆದು ಗಂಭೀರವಾಗಿ ಮಗುಚಿ ತೋರಿಸಿದೆ. ಆ ಹಿರಿಯರು ಮಾತಾಡದೆ ತಮ್ಮ ಜೇಬಿನಿಂದ ಒಂದು ರೂಪಾಯಿ ತೆಗೆದು ಹಾಗೆಯೇ ಮಗುಚಿದರು. ಅದೂ ತಲೆಕೆಳಗು. ಬಳಿಕ ನನ್ನ ನಾಣ್ಯದ ನೆತ್ತಿಯನ್ನು ತೋರುಬೆರಳಿನಿಂದಲೂ ಪಾದವನ್ನು ಹೆಬ್ಬೆರಳಿನಿಂದಲೂ ಹಿಡಿದು, ಪಂಚಾಂಗದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿದರು. ಒಂದರ ಅಂಕಿ ಸಭ್ಯವಾಗಿ ಎದ್ದು ನಿಂತಿತು.

“ಮಗುಚಬಾರದು ಸಾರ್, ತಿರುವಬೇಕು.”

ನಮ್ಮ ನಾಣ್ಯಗಳದು ಪದಕದ ಜೋಡಣೆಯಂತೆ. ಕೊರಳಲ್ಲಿ ತೂಗುವ ಪದಕ ಗಾಳಿಗೆ ತಿರುಗಿದರೂ ಎರಡು ಮುಖಗಳೂ ನೆಟ್ಟಗೇ ಕಾಣಬೇಕಷ್ಟೆ, ಹಾಗೆ. ಇನ್ನೊಂದು ಬಗೆಯಲ್ಲಿ, ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದಂತೆ ಮಗುಚಿದಾಗಲೇ ಹಿಂಬದಿ ಸರಿಯಾಗಿ ಕಾಣುತ್ತದೆ. ಅಮೆರಿಕದ ನಾಣ್ಯಗಳು ಈ ಜಾತಿಯವು. ಇದರ ಹೆಸರು ‘ನಾಣ್ಯದ ಜೋಡಣೆ’. ನಾಣ್ಯಕ್ಕೆ ಪದಕದ ಜೋಡಣೆ ಮಾಡಿ, ನಾಣ್ಯದ ಜೋಡಣೆಯನ್ನು ಪರದೇಶಕ್ಕೆ ಬಿಟ್ಟುಕೊಟ್ಟ ಮೇಲೆ ನನ್ನಂಥವನು ಎಡವಿದ್ದರಲ್ಲಿ ಆಶ್ಚರ್ಯವೇನಿದೆ?

ಮನೆಗೆ ಬಂದವನು ಹಟ ಬಿಡಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ನಾಣ್ಯವಿಟ್ಟು, ಸಿಂಹಗಳ ನೆತ್ತಿಯ ಮೇಲೂ ಪಾದದ ಕೆಳಗೂ ಚೀಲದ ಮೇಲೆ ಸ್ಕೆಚ್ ಪೆನ್ನಿನಿಂದ ನೇರ ಗೆರೆ ಎಳೆದು, ಪಕ್ಕಕ್ಕೆ ತಿರುವಿ, ಒಂದರ ಅಂಕಿಯ ಕಂಬ ಆ ಗೆರೆಯಿಂದ ಎಷ್ಟು ವಾಲಿದೆಯೆಂದು ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲಿ ಅಳೆದೆ. 213 ನಾಣ್ಯಗಳು ನಿರ್ದೋಷಿಗಳು. ಉಳಿದ ಒಂದು ಮಾತ್ರ ಕನ್ನಡಕ ಹಾಕಿದಾಗ 12 ಡಿಗ್ರಿ, ತೆಗೆದಾಗ 9 ಡಿಗ್ರಿ ತಿರುಗಿತ್ತು. ಇಸವಿಯ ಕೆಳಗಿನ ಗುರುತು ನೋಡಿದರೆ ಅದು ಯಾವ ಟಂಕಸಾಲೆಯದೆಂದು ತಿಳಿಯುತ್ತದೆ (ನಕ್ಷತ್ರವಿದ್ದರೆ ಹೈದರಾಬಾದ್, ವಜ್ರಾಕೃತಿಯಿದ್ದರೆ ಮುಂಬೈ, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ), ಆದರೆ ಇಷ್ಟು ಸಣ್ಣ ತಪ್ಪಿಗೆ ಹೆಸರೆತ್ತುವುದು ಶೋಭೆಯಲ್ಲ. ಅಂಗಡಿಯವರಿಗೆ ಫೋನ್ ಮಾಡಿದಾಗ, ಹತ್ತು ಹದಿನೈದು ಡಿಗ್ರಿಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಸಂತಾಪದ ದನಿಯಲ್ಲಿ ಹೇಳಿದರು.

ಮುಂದಿನ ತಿಂಗಳು ಅಮೆರಿಕದಿಂದ ಬಂದ ತಂಗಿಯ ಮಗ, ಹದ್ದಿನ ಚಿತ್ರವಿರುವ ಹಳೆಯ ಕ್ವಾರ್ಟರ್ (ಕಾಲು ಡಾಲರ್) ನಾಣ್ಯವೊಂದನ್ನು ನನ್ನ ಕೈಗಿಟ್ಟ. ಅಂಗಡಿಯವರ ಪಾಠದ ಮೊದಲರ್ಧವಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು. ನೆತ್ತಿ, ಪಾದ ಹಿಡಿದು ವಿಧಿವತ್ತಾಗಿ ತಿರುವಿದೆ. ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. “ನೋಡೋ, 180 ಡಿಗ್ರಿ!” ಎಂದು ನಾನು ಕೂಗಿದ್ದು ಕೇಳಿ ಮಡದಿ ಅಡುಗೆಮನೆಯಿಂದ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾಣ್ಯವನ್ನು ತೆಗೆದುಕೊಂಡು, ಅಭ್ಯಾಸಬಲದಿಂದ ದೋಸೆಯಂತೆ ಮಗುಚಿದಳು.

“ಇದಕ್ಕೇನಾಗಿದೆ? ಸರಿಯಾಗಿಯೇ ಇದೆಯಲ್ಲ” ಎಂದು ನಾಣ್ಯವನ್ನು ನನ್ನ ಕೈಗೆ ಹಾಕಿ, ಸೀಯುತ್ತಿದ್ದ ಕಾವಲಿಯ ಕಡೆಗೆ ಓಡಿದಳು.