ಗುಲಾಬಿ ಎಲೆಯ ಗುಂಡು ತೂತು

ಹನ್ನೊಂದು ವರ್ಷ ಗ್ರಾಫಿಕ್ ಡಿಸೈನ್ ಮಾಡಿದೆ. ಈಗ ಮೂರು ವರ್ಷದಿಂದ ತೋಟ ಮಾಡಿಕೊಡುವುದೇ ಕೆಲಸ. ವಿಷ ಹೊಡೆಯದ, ಹುಳಹುಪ್ಪಟೆಗೂ ಜಾಗ ಇರುವ ತೋಟ. "ಕಲಿತದ್ದೆಲ್ಲ ದಂಡ ಆಗಲಿಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಯಾವ ಗಿಡದ ಪಕ್ಕ ಯಾವುದು, ಎಲ್ಲಿ ಎತ್ತರ, ಎಲ್ಲಿ ಬಯಲು ಅಂತ ನೋಡುವ ಕಣ್ಣು ಕೊಟ್ಟಿದ್ದೇ ಆ ಕೆಲಸ. ಬಿಡೋಕೆ ಕಷ್ಟವಾಗಿದ್ದು ಒಂದೇ: ಎಲ್ಲ ನೀಟಾಗಿರಬೇಕು ಅನ್ನೋ ಹಟ.

ಮೊದಲ ವರ್ಷ ಒಂದು ಗುಲಾಬಿ ಗಿಡದ ಎಲೆಯಂಚಿನಲ್ಲಿ ಗುಂಡು ಗುಂಡಾಗಿ ಕತ್ತರಿಸಿದ ಗುರುತು ಕಂಡಿತು. ಕಂಪಾಸ್ ಇಟ್ಟು ಗೀಚಿದ ಹಾಗೆ. ರೋಗ ಬಂತು ಅಂತ ಗಾಬರಿಯಾಗಿ ಆ ಎಲೆಗಳನ್ನೆಲ್ಲ ಕಿತ್ತು ಹಾಕಿದೆ. ಮಾರನೇ ದಿನ ಬೆಳಿಗ್ಗೆ ಸುಮ್ನೆ ಅಲ್ಲೇ ಕೂತೆ. ಪುಟ್ಟ ಜೇನುನೊಣವೊಂದು ಬಂತು. ಎಲೆಯಂಚನ್ನು ಕಾಲಲ್ಲಿ ಹಿಡಿದು, ಕತ್ತರಿ ಆಡಿಸಿದಂತೆ ಬಾಯಲ್ಲಿ ಸುತ್ತ ಕತ್ತರಿಸಿತು. ತುಂಡನ್ನು ಹೊಟ್ಟೆಯಡಿ ಅವುಚಿಕೊಂಡು ಹಾರಿಯೇ ಹೋಯಿತು!

ಎಲೆ ಕತ್ತರಿಸುವ ಜೇನು ಅದು. ಒಂಟಿಯಾಗಿ ಬದುಕುತ್ತದೆ. ಎಲೆ ಚೂರುಗಳನ್ನು ಸುತ್ತಿ ಪುಟ್ಟ ತೊಟ್ಟಿಲು ಮಾಡಿ, ಒಳಗೆ ಪರಾಗ, ಮಕರಂದ ಕಲಸಿಟ್ಟು, ಒಂದೇ ಒಂದು ಮೊಟ್ಟೆ ಇಡುತ್ತದೆ. ಗಿಡಕ್ಕೆ ಅಂಥ ನಷ್ಟವೇನೂ ಇಲ್ಲ. ಜಗತ್ತಿನಲ್ಲಿ ಸುಮಾರು 20,000 ಬಗೆಯ ಜೇನುನೊಣಗಳಿವೆ. ಹೆಚ್ಚಿನವು ಹೀಗೆ ಒಂಟಿ. ಬಹಳಷ್ಟು ನೆಲದಲ್ಲೇ ಬಿಲ ತೋಡುತ್ತವೆ. ನಾವು ಒಂದಿಂಚೂ ಬಿಡದೆ ಸಿಮೆಂಟ್ ಹಾಕಿದರೆ ಅವು ಎಲ್ಲಿಗೆ ಹೋಗಬೇಕು ಹೇಳಿ?

ಔಷಧಿ ಹೊಡೆಯುವ ವಿಷಯದಲ್ಲಿ ನಾನು ಹಟಮಾರಿ. ಚಿಗುರಿನಲ್ಲಿ ರಸ ಹೀರುವ ಪುಟ್ಟ ಕೀಟ ಸಸ್ಯಹೇನು ಕಂಡ ತಕ್ಷಣ ವಿಷ ಹೊಡೆದರೆ, ಅದನ್ನು ತಿನ್ನುವ ಗುಲಗಂಜಿ ಹುಳವೂ ಸಾಯುತ್ತದೆ. ಸಸ್ಯಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಗಿಡದ ತುಂಬ. ಗುಲಗಂಜಿ ಹುಳ ಮೊಟ್ಟೆಯಿಂದ ದೊಡ್ಡದಾಗೋಕೆ ವಾರಗಟ್ಟಲೆ ಬೇಕು. ಆಮೇಲೆ ಮತ್ತೆ ಔಷಧಿ, ಮತ್ತೆ ಸಸ್ಯಹೇನು. ಸ್ವಲ್ಪ ದಿನ ಕಾಯಿರಿ ಅಂತ ಗೋಗರೆಯುತ್ತೇನೆ. ತರಗೆಲೆ ವಿಷಯದಲ್ಲೂ ಅಷ್ಟೇ. ಗುಡಿಸಿ ಸುಡಬೇಡಿ, ಗಿಡದ ಬುಡಕ್ಕೆ ಹೊದಿಸಿ. ತೇವ ಉಳಿಯುತ್ತದೆ, ಎರೆಹುಳು ಮೇಲೆ ಬರುತ್ತದೆ, ಕೊಳೆತರೆ ಅದೇ ಗೊಬ್ಬರ.

ದುಡ್ಡು ಕಡಿಮೆ, ನಿಜ. ಮೊದಲ ವರ್ಷ ಸೊಂಟವೂ ಬಿದ್ದುಹೋಗಿತ್ತು. ಮನೆಯವರಿಗೆ ಈಗಲೂ ಆತಂಕ ಇದೆ, ಅದು ತಪ್ಪು ಅಂತ ನಾನು ಹೇಳಲ್ಲ.

ಈಗ ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲೇ ಒಂದು ಮಾತು ಬರೆದು ಕೊಡುತ್ತೇನೆ: "ಎಲೆಯಲ್ಲಿ ತೂತು ಇರುತ್ತದೆ. ಒಪ್ಪಿಗೆ ಇದ್ದರೆ ಶುರು ಮಾಡೋಣ." ಕೆಲವರು ಅಲ್ಲಿಗೇ ಬೇಡ ಅನ್ನುತ್ತಾರೆ. ಒಪ್ಪಿದವರ ತೋಟಕ್ಕೆ ನಾಳೆ ಬೆಳಿಗ್ಗೆ ಆರಕ್ಕೆ ಹೋಗಬೇಕು.